ಅಕ್ಕೋರ ಅವ್ವನ ದನಿ

ಇಳಕಲ್ಲಿನ ನಮ್ಮ ಓಣಿ ಬಾಯಿ ಮುಚ್ಚುವುದು ಅಮಾವಾಸ್ಯೆಗೆ ಮಾತ್ರ. ಉಳಿದ ದಿನ ಬೆಳಗಾದರೆ ಪವರ್‌ಲೂಮುಗಳ ಖಟಖಟ ಶುರುವಾಗುತ್ತದೆ. ಕರೆಂಟು ಇರುವವರೆಗೆ ಅದು ನಿಲ್ಲುವುದಿಲ್ಲ. ಅದರೊಳಗೇ ನಾವು ರೊಟ್ಟಿ ಬಡಿಯುತ್ತೇವೆ, ಮಕ್ಕಳನ್ನು ಬೈಯುತ್ತೇವೆ, ಮಂಗಳಾರತಿ ಹಾಡುತ್ತೇವೆ. ಅಮಾವಾಸ್ಯೆಯ ದಿನ ನೇಕಾರರು ಮಗ್ಗಕ್ಕೆ ಕೈ ಹಚ್ಚುವುದಿಲ್ಲ. ಮಗ್ಗಕ್ಕೆ ವಿಭೂತಿ ಹಚ್ಚಿ, ಕಾಯಿ ಒಡೆದು, ಉಂಡು ಮಲಗುತ್ತಾರೆ. ಆ ಮಧ್ಯಾಹ್ನ ಓಣಿಯಲ್ಲಿ ನಡೆದರೆ ನಮ್ಮ ಚಪ್ಪಲಿಯ ಸದ್ದಿಗೆ ನಾವೇ ಹಿಂದೆ ತಿರುಗಿ ನೋಡುವಂತಾಗುತ್ತದೆ.

ಅಕ್ಕೋರು ತೀರಿಹೋದ ಮೇಲೆ ಮೊದಲ ಅಮಾವಾಸ್ಯೆ ನಿನ್ನೆ ಬಂದಿತ್ತು. ಊಟವಾಯಿತು, ನಮ್ಮ ಮನೆಯವರು ಜಮಖಾನೆ ಹಾಸಿಕೊಂಡು ಮಲಗಿದರು, ನನಗೆ ಮಾತ್ರ ಕಣ್ಣು ಹತ್ತಲಿಲ್ಲ. ನಮ್ಮ ಹಿತ್ತಿಲ ಗೋಡೆಯಾಚೆಗೆ ಅಕ್ಕೋರ ಮನೆ. ಯಾರೂ ಇಲ್ಲದ ಆ ಮನೆಯ ಕಡೆ ಕಿವಿ ತಾನಾಗಿ ಹೋಗುತ್ತಿತ್ತು. ಸುಮ್ಮನೆ ಕಿವಿ ಕೊಟ್ಟು ಕೂರುವುದಕ್ಕಿಂತ ಬರೆಯುವುದೇ ವಾಸಿ ಅನಿಸಿತು.

ಅವರ ಹಾಡಿನ ಪೆಟ್ಟಿಗೆ ಈಗ ನಮ್ಮ ಮನೆಯಲ್ಲಿದೆ. ಪ್ಲಗ್ಗು ಕಿತ್ತು, ಮೇಲೊಂದು ಮಡಿವಸ್ತ್ರ ಹೊದಿಸಿ ಇಟ್ಟಿದ್ದೇನೆ. ಅದರ ಮೇಲೆ ತಿರುಗುತ್ತಿದ್ದ ಕರಿ ತಟ್ಟೆಯನ್ನು ಅವರ ಮಾತಿನಂತೆ ಅವರ ಜೊತೆಗೇ ಮಣ್ಣಿಗೆ ಕೊಟ್ಟೆವು.

ಹೆಸರು ಬರೆಯುವುದಿಲ್ಲ. ಸಾಲಿ ಕಲಿಸುವ ಹೆಣ್ಣುಮಗಳಿಗೆ ನಮ್ಮ ಕಡೆ ಅಕ್ಕೋರು ಎನ್ನುತ್ತಾರೆ, ಅಷ್ಟು ಸಾಕು. ಹುನಗುಂದದ ಹೈಸ್ಕೂಲಿನಲ್ಲಿ ಹಿಂದಿ ಕಲಿಸಿ, ನಿವೃತ್ತರಾದ ಮೇಲೆ ತಮ್ಮನ್ನು ಸಾಕಿದ ಸೋದರತ್ತೆಯ ಮನೆಗೇ ಮರಳಿ ಬಂದು ಒಬ್ಬರೇ ಇದ್ದರು. ಮದುವೆಯಾಗಿರಲಿಲ್ಲ. ಯಾಕೆಂದು ಕೇಳಿದರೆ, "ಕ್ಲಾಸಿನ್ಯಾಗ ಅಷ್ಟು ಹುಡುಗ್ರಿದ್ವು, ಇನ್ನೂ ಬೇಕಿತ್ತೇನು?" ಎನ್ನುತ್ತಿದ್ದರು. ಅವರ ದನಿ ದೊಡ್ಡದು, ದಪ್ಪನೆಯದು. ತಾಮ್ರದ ಹಂಡೆಯೊಳಗೆ ಮುಖವಿಟ್ಟು ಮಾತಾಡಿದಂತೆ ಕೇಳುತ್ತಿತ್ತು. ಮಾತಿನ ಕೊನೆಗೆ ಒಂದು ಸಣ್ಣ ನಡುಕ. ಹಿತ್ತಿಲಲ್ಲಿ ನಿಂತು ಬೆಕ್ಕನ್ನು ಬೈದರೂ ಮೂರನೆಯ ಮನೆಯವರು ತಮಗೇ ಅಂದರೇನೋ ಎಂದು ಹೊರಗೆ ಬರುತ್ತಿದ್ದರು.

ನನಗೊಂದು ರೂಢಿ ಇದೆ. ಸಂಜೆ ದೇವರ ದೀಪ ಹಚ್ಚಿದಾಗ ಆ ದಿನ ಸಿಕ್ಕ ಸಣ್ಣ ಕರುಣೆಗಳನ್ನು ಒಂದೊಂದಾಗಿ ನೆನೆಯುತ್ತೇನೆ. ಹಾಲು ಉಕ್ಕಲಿಲ್ಲ, ಹಪ್ಪಳ ಒಣಗುವ ತನಕ ಮೋಡ ತಡೆಯಿತು, ಅತ್ತಿಗೆ ಜಗಳವಾಡದೆ ಹೋದಳು, ಹೀಗೆ. ಅಕ್ಕೋರಿಗೆ ಇದು ಗೊತ್ತಿತ್ತು. ಗೋಡೆಯ ಮೇಲಿಂದ ಕತ್ತು ಹಾಕಿ ಕೇಳುತ್ತಿದ್ದರು.

"ಏನವಾ, ಇವತ್ತೇನ್ ಕೊಟ್ಟ ನಿಮ್ಮ ದೇವರು?"

"ನಳ ಬಂತ್ರಿ, ಅಕ್ಕೋರ."

"ನಳ ಬಿಟ್ಟಾಂವ ಪುರಸಭಿಯಂವ. ದೇವರಲ್ಲ."

"ಪುರಸಭಿಯಂವಗ ನೆನಪ ಮಾಡಿ ಕೊಟ್ಟಾಂವ ಯಾರ್ರಿ ಮತ್ತ?"

"ನಿನ್ನ ಕೂಡ ವಾದ ಹಾಕೋದೂ ಒಂದಽ, ರುಬ್ಬೋಗುಂಡಿಗೆ ಪಾಠ ಹೇಳೋದೂ ಒಂದಽ," ಎಂದು ನಗುತ್ತಿದ್ದರು. ಗುಡಿಗೆ ಕರೆದರೆ ಬರುತ್ತಿರಲಿಲ್ಲ. "ನಂದೂ ಒಂದು ನಮಸ್ಕಾರ ಹಾಕಿ ಬಾ. ಹಿಂದಿ ಒಳಗ ಹಾಕು, ದೇವರಿಗೆ ಕನ್ನಡ ಕೇಳಿ ಕೇಳಿ ಬ್ಯಾಸರ ಆಗಿರತೈತಿ." ಆದರೂ ನಾನು ಶಿವಯೋಗ ಮಂದಿರದ ವಿಭೂತಿ ತಂದುಕೊಟ್ಟರೆ ಬೇಡವೆನ್ನುತ್ತಿರಲಿಲ್ಲ. ಹಚ್ಚಿಕೊಳ್ಳುತ್ತಲೂ ಇರಲಿಲ್ಲ. ಮೂಸಿ ನೋಡಿ, ಕಿಟಕಿಯ ಮೇಲಿಡುತ್ತಿದ್ದರು.

ಅವರಿಗಿದ್ದ ಆಸೆ ಒಂದೇ. ಅದನ್ನು ಅವರು ಹೇಳಿದ ದಿನ ನಾವಿಬ್ಬರೂ ಅವರ ಅಂಗಳದಲ್ಲಿ ಕುಸುಬಿ ಹಸನು ಮಾಡುತ್ತಿದ್ದೆವು. ಅವರ ಅವ್ವ ಕೆರೂರಿನವಳು. ನಾಟಕ ಕಂಪನಿಯಲ್ಲಿ ಹಾಡುತ್ತಿದ್ದಳು. ಮಗಳನ್ನು ಹಡೆದ ವರ್ಷವೇ ಜ್ವರ ಬಂದು ಹೋದಳು. ಫೋಟೋ ಇಲ್ಲ, ಅವಳನ್ನು ಕಂಡವರೂ ಈಗ ಯಾರೂ ಇಲ್ಲ.

"ಅತ್ತಿ ನನ್ನ ಚಂದ ನೋಡಿಕೊಂಡ್ಲು. ಅದರಾಗ ಕಡಿಮಿ ಏನಿಲ್ಲ. ಆದ್ರ ನನ್ನ ಹಡದಾಕಿ ನನ್ನ ಹೆಸರು ಹೆಂಗ ಕರೀತಿದ್ಲು ಅಂತ ಗೊತ್ತಿಲ್ಲ ನೋಡು. ಮಂದಿಗೆ ಅವ್ವನ ದನಿ ಕನಸಿನ್ಯಾಗ ಬರತೈತಂತ. ನನಗ ಅವ್ವ ಬರತಾಳ, ಬಾಯಿ ತಗೀತಾಳ, ಸಪ್ಪಳ ಇಲ್ಲ."

ಎಡಗಿವಿ ಅವರಿಗೆ ಆಗಲೇ ಹೋಗಿತ್ತು. ಬಲಗಿವಿಯೂ ನಿಧಾನಕ್ಕೆ ಮುಚ್ಚುತ್ತಿದೆ ಎಂದು ಬಾಗಲಕೋಟೆಯ ದವಾಖಾನೆಯಲ್ಲಿ ಹೇಳಿದ್ದರು. ಕಿವಿಗೆ ಹಾಕುವ ಮಷೀನು ತಂದರು, ಎರಡು ದಿನ ಹಾಕಿದರು, "ಇದು ಎಲ್ಲಾರ ದನೀನೂ ತಗಡು ಮಾಡತೈತಿ," ಎಂದು ತೆಗೆದಿಟ್ಟರು. ಅಂಥ ಹೊತ್ತಿನಲ್ಲಿ ಕೆರೂರಿನಿಂದ ಅವ್ವನ ತವರಿನ ಕಡೆಯವರು ಬಂದರು. ಹಳೆ ಮನೆ ಕೆಡವುವಾಗ ಟ್ರಂಕಿನ ತಳದಲ್ಲಿ ಸಿಕ್ಕಿತೆಂದು ಹಳದಿ ಬಟ್ಟೆಯಲ್ಲಿ ಸುತ್ತಿದ ಒಂದು ತಟ್ಟೆ ಕೊಟ್ಟುಹೋದರು. ಹಾಡಿನ ತಟ್ಟೆ ಮಾಡುವವರು ಯಾರೋ ಹುಬ್ಬಳ್ಳಿಗೆ ಬಂದಿದ್ದಾಗ ದನಿ ಪರೀಕ್ಷೆಗೆಂದು ಅವಳಿಂದ ಹಾಡಿಸಿ ಕೊರೆದ ನಮೂನೆ ಅದು. ಅದು ಒಂದೇ. ಆಮೇಲೆ ಅವರು ಕರೆಯಲಿಲ್ಲ, ಅವಳೂ ಉಳಿಯಲಿಲ್ಲ.

ಮಾಮೂಲಿ ತಟ್ಟೆಯಲ್ಲ. ತಗಡಿನ ಮೇಲೆ ಕರಿ ಲೇಪ. ಅಂಚಿನಲ್ಲಿ ಆ ಲೇಪ ಬೇಸಿಗೆಯ ಕೆರೆಯಂತೆ ಬಿರಿದಿತ್ತು. ಅಕ್ಕೋರು ಅದನ್ನು ಕೂಸಿನಂತೆ ಎದೆಗೆ ಹಿಡಿದುಕೊಂಡು ಬಸ್ಸು ಹತ್ತಿದರು. ಜೊತೆಗೆ ನಾನೂ ಹೋದೆ. ಬಾಗಲಕೋಟೆಯಲ್ಲಿ ಒಬ್ಬರು ವಯಸ್ಸಾದ ರೇಡಿಯೋ ರಿಪೇರಿಯವರಿದ್ದಾರೆ. ಹಳೆ ಊರಿನಲ್ಲಿ ಅವರ ಅಂಗಡಿಯಿದ್ದ ಗಲ್ಲಿಯ ಮೇಲೆ ಈಗ ಅಣೆಕಟ್ಟಿನ ಹಿನ್ನೀರು ನಿಂತಿದೆ. ನೀರು ಬರುವ ಮೊದಲು ಎತ್ತಿ ತಂದ ಹಳೆ ರೇಡಿಯೋಗಳ ಗಾಜಿನ ವಾಲ್ವುಗಳನ್ನು ನವನಗರದ ಮನೆಯಲ್ಲಿ, ಹಿಟ್ಟಿನ ಡಬ್ಬಿಗಳಲ್ಲಿ, ಹತ್ತಿಯೊಳಗೆ ಹುದುಗಿಸಿ ಇಟ್ಟುಕೊಂಡಿದ್ದರು. ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ ಅವರು ಹೇಳಿದ್ದು ಇಷ್ಟು:

"ಚಾವಿ ಕೊಡೋ ಗ್ರಾಮೊಫೋನಿಗೆ ಇದನ್ನ ತೋರಸಬ್ಯಾಡ್ರಿ ಅಕ್ಕೋರ. ಅದರ ಮುಳ್ಳು ಹೊಲಕ್ಕ ಕುಂಟಿ ಹೊಡದಂಗ ಕೆರೀತೈತಿ. ಈಗಿನ ಹೊಸಾ ಪ್ಲೇಯರ್ರು ಇಷ್ಟು ಜೋರ ತಿರುಗಂಗಿಲ್ಲ. ಮುಳ್ಳಿನ ಕೈ ಹಗೂರ ಇರೋ ಹಳೇ ವಾಲ್ವಿನ ಪ್ಲೇಯರ್ ಹುಡುಕ್ರಿ. ಆದ್ರೂ ಒಂದು ಸಲ, ಹೆಚ್ಚಂದ್ರ ಎರಡು ಸಲ. ಆಮ್ಯಾಲ ಲೇಪ ಮುಳ್ಳಿನ ಕೂಡ ಎದ್ದು ಬರತೈತಿ."

"ಒಂದು ಸಲ ಸಾಕು," ಎಂದರು ಅಕ್ಕೋರು.

ಹುನಗುಂದದಲ್ಲಿ ಅವರ ಹಳೆ ವಿದ್ಯಾರ್ಥಿಯೊಬ್ಬ ಮದುವೆಗಳಿಗೆ ಮೈಕ್‌ಸೆಟ್ ಹಚ್ಚುತ್ತಿದ್ದ. ಅವನ ಅಟ್ಟದ ಮೇಲಿದ್ದ ಅಂಥದೊಂದು ಪೆಟ್ಟಿಗೆ, ಜೊತೆಗೆ ನಾಲ್ಕಾರು ಹಳೆ ತಟ್ಟೆಗಳು, ಟಂಟಂ ಗಾಡಿಯಲ್ಲಿ ಗೋಣಿಚೀಲ ಹೊದ್ದು ಬಂದವು. ಮುಚ್ಚಳ ತೆಗೆದರೆ ಒಳಗೆ ಇಲಿಯ ಗೂಡು. ಗೂಡಿನ ನಡುವೆ ಒಣಗಿ ಕಡ್ಡಿಯಾದ ಇಲಿ, ಅದರ ಹೊಟ್ಟೆಗೆ ಅಂಟಿಕೊಂಡು ಅಷ್ಟೇ ಒಣಗಿದ ಮರಿಗಳು. ನಾನು ಶಿವಶಿವಾ ಎಂದೆ. ಅಕ್ಕೋರು ಅವನ್ನೆಲ್ಲ ಒಂದು ಎಲೆಯ ಮೇಲೆ ಎತ್ತಿಕೊಂಡು ಹೋಗಿ ತುಳಸಿಯ ಬುಡದಲ್ಲಿ ಮಣ್ಣು ಮಾಡಿ ಬಂದರು. ಹೂ ಇಟ್ಟದ್ದನ್ನೂ ನೋಡಿದೆ. ದೇವರಿಗೆ ಹೂ ಇಡದವರು!

ಆ ಬೇಸಿಗೆ ಅವರ ಅಡಿಗೆಮನೆಯಲ್ಲಿ ಒಂದು ಕಡೆ ಚಹಾ, ಇನ್ನೊಂದು ಕಡೆ ಬೆಸುಗೆಯ ಹೊಗೆ. ಬಾಗಲಕೋಟೆಯವರು ಫೋನಿನಲ್ಲಿ ಹೇಳುವುದು, ಇವರು ಮಾಡುವುದು. ಉಬ್ಬಿ ಮೇಣ ಸೋರುತ್ತಿದ್ದ ಹಳೆ ಕಂಡೆನ್ಸರುಗಳನ್ನು ಕಿತ್ತರು. ಬಿಚ್ಚಿದ ಪ್ರತಿ ತಂತಿಗೆ ನಮ್ಮ ಮನೆಯಿಂದ ಇಸಿದುಕೊಂಡ ಒಂದೊಂದು ಬಣ್ಣದ ರೇಷ್ಮೆ ಎಳೆ ಕಟ್ಟುತ್ತಿದ್ದರು, ಮಗ್ಗಕ್ಕೆ ಹೊಸದಾಗಿ ಹಾಸಿನ ಎಳೆ ಜೋಡಿಸುವಾಗ ನಾವು ಗುರುತು ಕಟ್ಟುವ ಹಾಗೆ. ತಟ್ಟೆಯನ್ನು ತಿರುಗಿಸುವ ರಬ್ಬರಿನ ಗಾಲಿ ಕಲ್ಲಾಗಿತ್ತು, ಅದನ್ನು ಉಜ್ಜಿ ಉಜ್ಜಿ ಮೆತ್ತಗೆ ಮಾಡಿದರು. ಸ್ಪೀಕರಿನ ಬಟ್ಟೆ ಇಲಿಗಳ ಪಾಲಾಗಿತ್ತು, ಆ ಜಾಗಕ್ಕೆ ಗುಳೇದಗುಡ್ಡದ ಖಣ ಬಿಗಿದರು. ಪೆಟ್ಟಿಗೆ ಕುಪ್ಪಸ ತೊಟ್ಟ ಹೆಣ್ಣುಮಗಳಂತೆ ಕಾಣತೊಡಗಿತು. ಕೊನೆಗೆ ಮೋಟಾರಿಗೆ ಎಣ್ಣೆ. ಅತ್ತೆಯ ಮಗ್ಗಕ್ಕೆ ಎಣ್ಣೆ ಬಿಡುವುದು ಚಿಕ್ಕಂದಿನಿಂದ ಇವರದೇ ಕೆಲಸವಾಗಿತ್ತಂತೆ. ಅದೇ ರೂಢಿಯಂತೆ ಕೋಳಿಪುಕ್ಕವನ್ನು ಕುಸುಬಿ ಎಣ್ಣೆಯಲ್ಲಿ ಅದ್ದಿ, ಮೋಟಾರಿನ ಸಂದುಸಂದಿಗೂ ಮುಟ್ಟಿಸಿದರು. ನೇಕಾರರ ಮನೆಯಲ್ಲಿ ಕಿರುಗುಡುವ ಯಾವುದಕ್ಕೂ ಮದ್ದು ಅದೇ.

ಒಂದು ವಾಲ್ವು ಮಾತ್ರ ಸಿಗದೆ ಮಳೆಗಾಲವೆಲ್ಲ ಪೆಟ್ಟಿಗೆ ಸುಮ್ಮನೆ ಕೂತಿತ್ತು. ಶ್ರಾವಣದಲ್ಲಿ ಬಾಗಲಕೋಟೆಯವರು ಅದನ್ನೂ ಎಲ್ಲಿಂದಲೋ ತರಿಸಿಕೊಟ್ಟರು. ಒಮ್ಮೆಲೆ ಕರೆಂಟು ಕೊಡಬೇಡಿ, ನಡುವೆ ಒಂದು ಬಲ್ಬು ಇಟ್ಟು ಅದರ ಮುಖಾಂತರ ಕೊಡಿ, ಪೆಟ್ಟಿಗೆಯಲ್ಲಿ ದೋಷವಿದ್ದರೆ ಬಲ್ಬು ಉರಿಯುತ್ತಲೇ ಇರುತ್ತದೆ, ಇಲ್ಲದಿದ್ದರೆ ಮಂಕಾಗುತ್ತದೆ ಎಂದಿದ್ದರು. ಸ್ವಿಚ್ಚು ಒತ್ತಿದಾಗ ಬಲ್ಬು ಭಗ್ಗೆಂದು ಕಣ್ಣು ತೆರೆಯಿತು. ಆಮೇಲೆ ನಿಧಾನಕ್ಕೆ ರೆಪ್ಪೆ ಇಳಿಸಿತು. ಅದು ಮಂಕಾದಂತೆ ಪೆಟ್ಟಿಗೆಯೊಳಗಿನ ಗಾಜಿನ ವಾಲ್ವುಗಳಲ್ಲಿ ಕೆಂಪು ಎಳೆಗಳು ಕಾಣಿಸಿಕೊಂಡವು. ಇಲ್ಲಿ ಆರಿದ ಜೀವ ಅಲ್ಲಿ ಹೊತ್ತಿದ ಹಾಗೆ. ಬಿಸಿ ಧೂಳಿನ ವಾಸನೆ ಎದ್ದಿತು. ನಾನು ಕೈ ಮುಗಿದೆ.

ಆಗ ಒಳಗೆ ಯಾರೋ ಮಾತಾಡಿದರು.

ತಟ್ಟೆ ಇಟ್ಟಿರಲಿಲ್ಲ. ಮುಳ್ಳು ಅದರ ಜಾಗದಲ್ಲಿತ್ತು. ಆದರೂ ಖಣದ ಹಿಂದಿನಿಂದ ಒಬ್ಬ ಗಂಡಸು, ಮೂಗಿನಲ್ಲಿ, ನಮಗೆ ತಿಳಿಯದ ಭಾಷೆಯಲ್ಲಿ, ಯಾರಿಗೋ ಏನನ್ನೋ ವಿವರಿಸುವಂತೆ ಮಾತಾಡುತ್ತಲೇ ಇದ್ದ. ನಾನು ಅಕ್ಕೋರ ಸೆರಗು ಹಿಡಿದುಕೊಂಡೆ. ಅವರು ಫೋನು ಹಚ್ಚಿದರು. "ದೂರದ್ದು ಯಾವುದೋ ರೇಡಿಯೋ ಗಾಳ್ಯಾಗ ಸಿಕ್ಕಿರತೈತ್ರಿ, ಅರ್ತಿಂಗ್ ಕೊಡ್ರಿ," ಎಂದಿತು ಫೋನು. ಪೆಟ್ಟಿಗೆಯಿಂದ ನಳದ ಕೊಳವೆಗೆ ಒಂದು ತಂತಿ ಬಿಗಿದೊಡನೆ ಆ ಮನುಷ್ಯ ಮಾತಿನ ನಡುವೆಯೇ ನಿಂತುಹೋದ. ಬಾಗಲಕೋಟೆಯವರು ಹೇಳಿದ್ದು ಖರೆಯೇ ಇರಬೇಕು. ಆದರೂ ನಾನು ಪೆಟ್ಟಿಗೆಯ ಹಣೆಗೆ ವಿಭೂತಿ ಹಚ್ಚಿದೆ, ಅಕ್ಕೋರು ಬೇಡವೆನ್ನಲಿಲ್ಲ.

ಈಗ ಒಂದೇ ತೊಡಕು. ಕರೆಂಟಿದ್ದರೆ ಓಣಿಯ ಲೂಮುಗಳು ಓಡುತ್ತವೆ. ಲೂಮು ನಿಂತರೆ ಕರೆಂಟಿಲ್ಲವೆಂದೇ ಅರ್ಥ. ಆ ಗದ್ದಲದಲ್ಲಿ ಅಕ್ಕೋರ ಒಂಟಿ ಕಿವಿಗೆ ಏನು ಕೇಳಬೇಕು? ಕರೆಂಟೂ ಇದ್ದು ಮೌನವೂ ಇರುವುದು ಅಮಾವಾಸ್ಯೆಗೆ ಮಾತ್ರ. ಹಾಗಾಗಿ ಶ್ರಾವಣದ ಕೊನೆಗೆ ಬರುವ ಬೆನಕನ ಅಮಾವಾಸ್ಯೆಯ ಮಧ್ಯಾಹ್ನಕ್ಕೆ ಕಾದೆವು.

ಆ ದಿನ ನಮ್ಮ ಮನೆಯವರೂ ಬಂದರು. "ಮೊಬೈಲಿನ್ಯಾಗ ಹಿಡದಿಡತೇನ್ರಿ ಅಕ್ಕೋರ, ಆಮ್ಯಾಲ ಬೇಕಾದಾಗ ಕೇಳಬಹುದು," ಎಂದರು.

ಅಕ್ಕೋರು ತಲೆ ಅಲ್ಲಾಡಿಸಿದರು. "ಬ್ಯಾಡಪಾ. ಒಮ್ಮಿ ಹಿಡದಿಟ್ಟಿದ್ದಕ್ಕಽ ಆಕಿ ಇಷ್ಟು ವರ್ಷ ಟ್ರಂಕಿನ್ಯಾಗ ಬಿದ್ದಿದ್ಲು. ಇನ್ನೊಮ್ಮಿ ಹಿಡಿಯೂದು ಬ್ಯಾಡ."

ನಮ್ಮ ಮನೆಯವರು ಫೋನು ಕಿಸೆಗೆ ಹಾಕಿಕೊಂಡು, ಕಿವಿ ತೂರಿಸಿ ಕೂತರೆ ತಪ್ಪಾದೀತೆಂದು ಎದ್ದು ಹೋದರು. ಅಕ್ಕೋರು ಬಲಗಿವಿಯನ್ನು ಖಣಕ್ಕೆ ತಾಗಿಸುವಷ್ಟು ಹತ್ತಿರ ಕೂತು ಮುಳ್ಳು ಇಳಿಸಿದರು.

ಮೊದಲು ಎಣ್ಣೆಯಲ್ಲಿ ಸಾಸಿವೆ ಸಿಡಿಯುವ ಸದ್ದು. ಅದರ ಒಳಗಿನಿಂದ ಒಂದು ದನಿ ಎದ್ದಿತು. ಹೆಂಗಸಿನ ದನಿ, ಆದರೆ ದಪ್ಪನೆಯದು, ದಣಿದದ್ದು, ಒಂದೊಂದು ಸ್ವರವನ್ನೂ ಬಾವಿಯಿಂದ ಸೇದಿ ತರುವಂಥದ್ದು. ಸ್ವರದ ಕೊನೆಗೆ ನಡುಕ. ನನ್ನ ಮೈಮೇಲೆ ಮುಳ್ಳು ಎದ್ದವು. ಹಾಡುತ್ತಿದ್ದದ್ದು ಅಕ್ಕೋರೇ. ಅವರ ತುಟಿ ಮುಚ್ಚಿತ್ತು, ದನಿ ಪೆಟ್ಟಿಗೆಯಿಂದ ಬರುತ್ತಿತ್ತು.

ಅರ್ಧ ಹಾಡಿನಲ್ಲಿ ಅದರ ಕೆಳಗಿನಿಂದ ಇನ್ನೊಂದು ಸದ್ದು ಸೇರಿತು. ಕೊಟ್ಟಿಗೆಯಲ್ಲಿ ದನ ನರಳಿದಂತೆ. ನಿಲ್ಲುವುದು, ಮತ್ತೆ ಏಳುವುದು. ಹಾಡು ಮುಗಿದ ಮೇಲೂ ಅದು ನರಳಿತು. ಅದರ ಮೇಲೆ ಆ ಮುದಿದನಿ ಏನೋ ಒಂದು ಮಾತು ಆಡಿತು, ಒಂದಕ್ಷರವೂ ತಿಳಿಯಲಿಲ್ಲ. ತಟ್ಟೆ ಮುಗಿಯಿತು. ಮುಳ್ಳಿನ ತುದಿಗೆ ಕೂದಲಿನಂಥ ಕರಿ ಎಳೆಯೊಂದು ಸುತ್ತಿಕೊಂಡಿತ್ತು.

ಅಕ್ಕೋರ ಮುಖ ತೊಯ್ದು ಹೋಗಿತ್ತು. "ನಂದಽ ದನಿ. ಕೇಳಿದಿಲ್ಲ? ನಂದಽ ದನಿ. ನನ್ನ ಕೂಡ ಆಕೀನೂ ಮುದುಕಿ ಆಗ್ಯಾಳ ನೋಡು, ಟ್ರಂಕಿನ್ಯಾಗ ಕುಂತಽ." ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದರು, "ಕೊನೀಗೆ ಏನಂದ್ಲು?"

"ತಿಳೀಲಿಲ್ರಿ."

"ನನಗೂ ತಿಳೀಲಿಲ್ಲ. ಅದು ನನಗ ಹೇಳಿದ ಮಾತು ಅನಸತೈತಿ."

ಅಲ್ಲಿಂದ ಮುಂದಿನ ದಿನಗಳನ್ನು ನೆನೆದರೆ ನನಗೆ ಈಗಲೂ ಸಮಾಧಾನವಿಲ್ಲ. ಅಕ್ಕೋರು ಎರಡು ಬಟ್ಟಲು ಚಹಾ ಮಾಡತೊಡಗಿದರು. ಒಂದನ್ನು ಪೆಟ್ಟಿಗೆಯ ಮುಂದಿಟ್ಟು, ಆರಿದ ಮೇಲೆ ತಾವೇ ಕುಡಿಯುತ್ತಿದ್ದರು. ಪೆಟ್ಟಿಗೆಯ ಕೂಡ ಮಾತು. "ಉಪ್ಪು ಕಡಿಮಿ ಆಗೇತಿ, ಗೊತ್ತೈತಿ ನನಗ, ಹೇಳಬ್ಯಾಡ." ನಮ್ಮ ಮನೆಯವರಿಗೆ ಮುದುಕಿ ಉಡುವಂಥ, ಅಂಚು ಮಾಸಲಾದ, ಮೆತ್ತನೆಯ ಒಂದು ಸೀರೆ ನೇಯಲು ಹೇಳಿದರು. "ಯಾರಿಗ್ರಿ?" ಎಂದರೆ "ಅವ್ವಗ. ಮಹಾಲಯ ಅಮಾಸಿಗೆ ಎಡಿ ಇಡಬೇಕಲ್ಲ," ಎಂದರು. ನನಗೆ ಮೊದಮೊದಲು ಇದೂ ಒಂದು ಕರುಣೆಯೇ ಅನಿಸಿತ್ತು. ಒಬ್ಬರೇ ಇದ್ದವರಿಗೆ ಮಾತಿಗೊಂದು ಜೀವ ಸಿಕ್ಕಿತಲ್ಲ ಎಂದು.

ಒಂದು ಮುಂಜಾನೆ ಮಜ್ಜಿಗೆ ಕೊಡಲು ಹೋಗಿ ಬಾಗಿಲು ಬಡಿದೆ. ಒಳಗೆ ಅಕ್ಕೋರ ದನಿ ಕೇಳಿತು: "ಅವ್ವಾ, ಯಾರೋ ಬಂದಾರ. ಬಾಗಲಾ ತಗೀಲೇನು?"

ಅದೇ ದನಿ ಉತ್ತರ ಕೊಟ್ಟಿತು: "ತಗಿ."

ಬಾಗಿಲು ತೆರೆಯಿತು. ಅಕ್ಕೋರು ಕುಪ್ಪಸಕ್ಕೆ ಗುಂಡಿ ಹಚ್ಚುತ್ತಿದ್ದರು. ಕೈಯಲ್ಲಿ ಸೂಜಿ, ಹಲ್ಲಿನ ನಡುವೆ ಬಿಗಿಯಾಗಿ ಕಚ್ಚಿದ ದಾರ. ನಾನು ಮಜ್ಜಿಗೆಯ ಚರಿಗೆ ಇಟ್ಟು ಬಂದುಬಿಟ್ಟೆ. ದಾರ ಕಚ್ಚಿಕೊಂಡು ಅಷ್ಟು ಸ್ಪಷ್ಟವಾಗಿ "ತಗಿ" ಎನ್ನಲು ಬರುತ್ತದೋ ಇಲ್ಲವೋ ಎಂದು ಮನೆಯಲ್ಲಿ ನಾನೂ ಕಚ್ಚಿ ನೋಡಿದೆ. ಏನಾಯಿತೆಂದು ಹೇಳುವುದಿಲ್ಲ, ಬೇಕಾದವರು ತಾವೇ ಕಚ್ಚಿ ನೋಡಿಕೊಳ್ಳಲಿ.

ಹೆದರಿಕೆಯಿಂದಲೇ ಒಂದು ದಿನ ಅವರ ಮನಸ್ಸು ಬೇರೆ ಕಡೆ ತಿರುಗಲೆಂದು ಕೇಳಿದೆ, "ಹುನಗುಂದದಿಂದ ಬ್ಯಾರೆ ತಟ್ಟಿನೂ ಬಂದಾವಲ್ರಿ. ಅದರಾಗ ತಾಯಿ ಬನಶಂಕರಿ ಹಾಡೈತೇನ್ರಿ?" ಇತ್ತು. ನಾನು ಚಿಕ್ಕವಳಿದ್ದಾಗಿನಿಂದ ಗುಡಿಯ ಮೈಕಿನಲ್ಲಿ ಕೇಳಿದ ಹಾಡು, ಕೋಗಿಲೆಯಂಥ ಹೆಣ್ಣುದನಿ. ಲೂಮುಗಳ ಗದ್ದಲದಲ್ಲೇ ಹಚ್ಚಿದರು. ಹಾಡು ಶುರುವಾಯಿತು. ಹಾಡುತ್ತಿದ್ದವನು ಒಬ್ಬ ಗಂಡಸು, ನಿದ್ದೆಗಣ್ಣಿನವನು.

ನಾನು ಸೆರಗು ಬಾಯಿಗೆ ಹಚ್ಚಿ ನಕ್ಕೆ. "ಅಯ್ಯ, ಪಾಪ, ಆಕಿಗೆ ಮೀಸಿ ಬಂದಾವಲ್ರೀ!"

ಅಕ್ಕೋರು ನಗಲಿಲ್ಲ. ಬಲಗಿವಿಯನ್ನು ಪೆಟ್ಟಿಗೆಯ ಕಡೆ ಹಿಡಿದು ಕೊನೆಯ ತನಕ ಕೇಳಿದರು. ಆಮೇಲೆ ಮುಳ್ಳು ಎತ್ತಿ, ತಿರುಗುತ್ತಿದ್ದ ಗಾಲಿಯ ಅಂಚಿಗೆ ಬೆರಳು ಮುಟ್ಟಿಸಿದರು. ಅದು ಎಳೆದುಕೊಂಡು, ಕೆಸರಿನಲ್ಲಿ ಬಂಡಿ ಹೋದಂತೆ ಹೋಗುತ್ತಿತ್ತು. ಪ್ಲಗ್ಗು ಕಿತ್ತು, ಪೆಟ್ಟಿಗೆ ಮಗುಚಿ, ಮೋಟಾರು ಬಿಚ್ಚಿದರು. ಒಳಗೆ ಸಂದುಸಂದಿಗೂ ಕಂದು ಜಿಗುಟು, ಬಾಣಲೆಯ ತಳಕ್ಕೆ ಹತ್ತಿ ಒಣಗುವಂಥದ್ದು. ಮೂಸಿದರು.

"ಬಜಿ ವಾಸನಿ," ಎಂದರು. ಮಗ್ಗಕ್ಕಾದರೆ ದಿನಾ ಎಣ್ಣೆ ಬೀಳುತ್ತದೆ, ಒಣಗಲು ಬಿಡುವುದಿಲ್ಲ. ಪೆಟ್ಟಿಗೆಯಲ್ಲಿ ಮಳೆಗಾಲವಿಡೀ ನಿಂತ ಕುಸುಬಿ ಎಣ್ಣೆ ಅಂಟಾಗಿ ಮೋಟಾರನ್ನು ಹಿಡಿದುಬಿಟ್ಟಿತ್ತು. ತಟ್ಟೆ ನಿಧಾನ ತಿರುಗಿದರೆ ದನಿ ಇಳಿಯುತ್ತದೆ, ಎಳೆಯ ದನಿ ಮುದಿಯಾಗುತ್ತದೆ. "ನನ್ನ ಅವ್ವಗ ಮುಪ್ಪು ತಂದಾಕಿ ನಾನಽ ನೋಡವಾ. ಒಗ್ಗರಣಿ ಎಣ್ಣಿ ಹಾಕಿ."

ಅಷ್ಟು ಹೇಳಿ ಬಿಚ್ಚಿದ ಮೋಟಾರನ್ನು ಹಾಗೆಯೇ ಹಿಟ್ಟು ನಾದುವ ಪರಾತದಲ್ಲಿಟ್ಟು ಮುಚ್ಚಿದರು. ದಿನ ಕಳೆದರೂ ತೊಳೆಯಲಿಲ್ಲ. ಎರಡನೆಯ ಬಟ್ಟಲು ಚಹಾ ನಿಂತಿತು, ಮಾತೂ ನಿಂತಿತು. ಗೋಡೆಯ ಮೇಲಿಂದ ನಾನೇ ಕತ್ತು ಹಾಕಿ ಕೇಳಿದೆ, "ಯಾವಾಗ ಜೋಡಸ್ತೀರಿ?"

"ಇದನ್ನ ಸ್ವಚ್ಛ ಮಾಡಿದ್ರ ಈ ಅವ್ವ ಹೋಗತಾಳ. ಮಾಡಲಿಲ್ಲಂದ್ರ ಆ ಅವ್ವ ಬರಂಗಿಲ್ಲ," ಎಂದರು. "ತಟ್ಟಿ ಇನ್ನೊಂದಽ ಸಲ ತಡೀತೈತಿ. ಈಕೀ ಕೂಡ ನಾ ಒಂದು ತಿಂಗಳ ಬಾಳೇವು ಮಾಡೇನಿ. ಆ ಹುಡುಗಿ ಯಾರೋ ಎಂಥಾಕಿಯೋ. ನನ್ನ ಗುರುತು ಆಕಿಗೆ ಸಿಗತೈತೇನು?"

ನಾನು ಹೆಚ್ಚು ಓದಿದವಳಲ್ಲ. ಬಾಯಿಗೆ ಬಂದದ್ದು ಹೇಳಿದೆ. "ಈಕೀನ್ನ ಹಡದದ್ದು ಎಣ್ಣಿ, ಅಕ್ಕೋರ. ನಿಮ್ಮನ್ನ ಹಡದಾಕಿ ಬ್ಯಾರೆ."

ಅವರು ನನ್ನ ಮುಖ ನೋಡಿದರು. "ಮತ್ತೊಮ್ಮಿ ಹೇಳು," ಎಂದರು. ಸಿಟ್ಟು ಬಂದಿರಬೇಕೆಂದುಕೊಂಡೆ. ಅವರು ತಲೆ ಹೊರಳಿಸಿ ಬಲಗಿವಿಯನ್ನು ನನ್ನ ಬಾಯಿಯ ಹತ್ತಿರ ತಂದಾಗ ತಿಳಿಯಿತು, ಕೇಳಿಸಿರಲಿಲ್ಲ. ಕೂಗಿ ಹೇಳಿದೆ. ಅವರು ಎದ್ದು ಒಳಗೆ ಹೋಗಿ ಚಿಮಣಿ ಎಣ್ಣೆಯ ಡಬ್ಬಿ ತಂದರು. ಅಂದು ಸಂಜೆಯ ತನಕ ಇಬ್ಬರೂ ಕೂತು ಮೋಟಾರನ್ನು ತೊಳೆದು, ಒರೆಸಿ, ಹೊಲಿಗೆ ಮಷೀನಿನ ಎಣ್ಣೆಯನ್ನು ಹನಿಹನಿಯಾಗಿ ಬಿಟ್ಟೆವು. ಬೆರಳು ತಾಗಿಸಿದರೆ ಗಾಲಿ ಗಾಳಿಯಂತೆ ತಿರುಗಿತು.

ಮಹಾಲಯ ಅಮಾವಾಸ್ಯೆ ಬಂತು. ಅದು ಹಿರಿಯರ ದಿನ. ಮನೆಮನೆಯಲ್ಲಿ ಹೋದವರ ಹೆಸರಿನಲ್ಲಿ ಎಡೆ ಇಡುತ್ತಾರೆ, ಹೊಸ ಬಟ್ಟೆ ಇಡುತ್ತಾರೆ. ಲೂಮುಗಳು ನಿಂತಿದ್ದವು. ಓಣಿ ನೀರಿನೊಳಗೆ ಇಳಿದಂತೆ ಇತ್ತು. ಅಕ್ಕೋರು ಎಡೆಯ ಮುಂದೆ ಮಾಸಲು ಅಂಚಿನ ಸೀರೆ ಮಡಚಿ ಇಟ್ಟು, ಅದರ ಮೇಲೆ ಒಂದು ಡಜನ್ ಹಸಿರು ಗಾಜಿನ ಬಳೆ ಇಟ್ಟಿದ್ದರು. ಯಾವ ಅವ್ವ ಬಂದರೂ ನಡೆಯಲಿ ಎಂದಿರಬೇಕು.

ವಾಲ್ವುಗಳು ಕೆಂಪಾಗುವ ತನಕ ಕಾದರು. ಮುಳ್ಳು ಇಳಿಸುವ ಮೊದಲು ನನಗೆ ಹೇಳಿದರು, "ಹಾಡು ಹೆಂಗರ ಇರಲಿ. ಕೊನೀ ಮಾತು ಮಾತ್ರ ಲಕ್ಷ್ಯ ಕೊಟ್ಟು ಕೇಳು. ನನಗ ಕೇಳಸಲಿಲ್ಲಂದ್ರ ನೀ ಹೇಳಬೇಕು."

ಸಾಸಿವೆ ಸಿಡಿಯಿತು. ಆಮೇಲೆ ಒಂದು ಹುಡುಗಿ ಹಾಡಿದಳು.

ಹುಡುಗಿಯೇ. ಹದಿನೆಂಟೋ ಇಪ್ಪತ್ತೋ. ತೆಳ್ಳಗಿನ ದನಿ, ಸ್ವಲ್ಪ ಹೆದರಿದ್ದು, ಹೆದರಿಕೆ ಮುಚ್ಚಲು ಜೋರು ಮಾಡಿದ್ದು. ಏರುವಲ್ಲಿ ಉಸಿರು ಸಾಲದೆ ಕದ್ದು ಉಸಿರು ತೆಗೆದುಕೊಂಡದ್ದೂ ಕೇಳಿತು. ಅಕ್ಕೋರು ಕಣ್ಣು ಅಗಲಿಸಿದರು. ಅವರ ತಲೆಗೂದಲು ಪೂರಾ ಬೆಳ್ಳಗೆ, ಖಣಕ್ಕೆ ತಾಗಿದ ಕೆನ್ನೆಯ ತುಂಬ ಸುಕ್ಕು. "ಯವ್ವಾ, ಎಷ್ಟು ಸಣ್ಣಾಕಿ ಅದಾಳ," ಎಂದರು. "ಇಷ್ಟು ಸಣ್ಣಾಕಿ ನನ್ನ ಹಡದ್ಲೇನು? ನನ್ನ ಹತ್ತನೇ ಇಯತ್ತೆ ಹುಡುಗ್ಯಾರ ಹಂಗಽ ಅದಾಳಲ್ಲ."

ಅರ್ಧ ಹಾಡಿಗೆ ಬಂದಾಗ ಕೆಳಗಿನಿಂದ ಆ ಇನ್ನೊಂದು ಸದ್ದು ಎದ್ದಿತು. ಈಗ ಅದು ನರಳಿಕೆಯಾಗಿರಲಿಲ್ಲ. ಎಳೆ ಕೂಸಿನ ಅಳು. ಹಸಿದು, ಕೈಕಾಲು ಬಡಿದು, ಉಸಿರು ಕಟ್ಟಿ ಅಳುವ ಅಳು. ಹಾಡುವ ಕೋಣೆಯಲ್ಲೇ ಎಲ್ಲೋ ಮೂಲೆಯಲ್ಲಿ ಯಾರದೋ ಕೈಯಲ್ಲಿ ಅದಿತ್ತು. ಹುಡುಗಿಯ ದನಿ ಒಮ್ಮೆ ಆ ಕಡೆ ಹೊರಳಿತು, ಮತ್ತೆ ಹಾಡಿಗೆ ಬಂತು. ತಾಳ ಓಡತೊಡಗಿತು. ಬೇಗ ಮುಗಿಸಬೇಕೆಂಬ ಅವಸರ ಅವಳಿಗೆ.

ನಾನು ಅಕ್ಕೋರ ಮುಖ ನೋಡಿದೆ. ಆ ಅಳು ಯಾರದೆಂದು ಅವರಿಗೆ ನನಗಿಂತ ಮೊದಲೇ ತಿಳಿದಿತ್ತು. ಅವರ ಕೈ ಮುಳ್ಳಿನ ಕಡೆ ಎದ್ದಿತು. ಹಾಡು ಇನ್ನೂ ಇತ್ತು, ಕೊನೆಯ ಮಾತು ಇನ್ನೂ ಬಂದಿರಲಿಲ್ಲ.

"ಸಾಕು ತಾಯೀ," ಎಂದರು ಅಕ್ಕೋರು, ಕ್ಲಾಸಿನಲ್ಲಿ ಹಿಂದಿನ ಬೆಂಚಿನ ಹುಡುಗಿಗೆ ಹೇಳುವ ದನಿಯಲ್ಲಿ. "ಸಾಕು. ಹಾಡು ಬಿಡು. ಕೂಸು ಅಳಾಕತ್ತೈತಿ, ಹೋಗು."

ಮುಳ್ಳು ಎತ್ತಿಬಿಟ್ಟರು. ಕರಿ ಲೇಪ ಅದರ ಹಿಂದೆಯೇ ಸಿಪ್ಪೆಯಂತೆ ಎದ್ದು ಬಂತು. ಮುಂದಿನದೆಲ್ಲ ಹೋಯಿತು.

"ಅಕ್ಕೋರ, ಕೊನೀ ಮಾತು..." ಎಂದೆ.

ಅವರು ಬೆರಳು ತುಟಿಗೆ ಇಟ್ಟರು.

ಮುಳ್ಳು ಗಾಳಿಯಲ್ಲಿತ್ತು, ಅವರ ಕೈಯಲ್ಲೇ ಇತ್ತು. ತಟ್ಟೆ ಸುಮ್ಮನೆ ತಿರುಗುತ್ತಿತ್ತು. ನಮ್ಮ ಓಣಿಯಲ್ಲಿ ಆಗ ಎಳೆಕೂಸು ಇದ್ದ ಮನೆ ಒಂದೂ ಇರಲಿಲ್ಲ, ಇದನ್ನು ಆಮೇಲೆ ಮನೆಮನೆಗೆ ಹೋಗಿ ಕೇಳಿ ಬಂದಿದ್ದೇನೆ. ಆದರೂ ಆ ಖಣದ ಹಿಂದೆ ಕೂಸು ಅಳುತ್ತಲೇ ಇತ್ತು. ಅತ್ತಿತು, ಅತ್ತಿತು, ಬಿಕ್ಕಿತು. ಆಮೇಲೆ ಬಾಯಿಗೆ ಏನೋ ಸಿಕ್ಕಿದಂತೆ ಅಳು ನಡುವೆಯೇ ಮೆತ್ತಗಾಗಿ, ಥಟ್ಟನೆ ನಿಂತಿತು.

ಅಕ್ಕೋರು ಬಲಗಿವಿಯನ್ನು ಪೆಟ್ಟಿಗೆಯಿಂದ ತೆಗೆದರು.

"ಎತ್ತಿಕೊಂಡ್ಲು," ಎಂದರು.